ನಾಪಾಸಾಗದ ಉಪಾಯ ಕಂಡುಕೊಂಡವರಿಗೆ

ಕೇಂದ್ರ ಶಿಕ್ಷಣ ಸಚಿವಾಲಯದ ಮಾನ್ಯ ಹಿರಿಯರೇ,

ನಾಪಾಸಾಗದಿರಲು ಖಾತ್ರಿಯಾದ ದಾರಿ ಒಂದೇ: ಪರೀಕ್ಷೆಗೆ ಕೂರದಿರುವುದು. ಹೊಟ್ಟೆನೋವಿನ ನೆಪ ಹೇಳಿ ಇದನ್ನು ಸಾಧಿಸಹೋದ ಎಷ್ಟೋ ಹುಡುಗರು ಅಪ್ಪನ ಕೈಯಲ್ಲಿ ಏಟು ತಿಂದಿದ್ದಾರೆ. ನೀವು ಅದನ್ನೇ ರಾಷ್ಟ್ರೀಯ ನೀತಿಯ ಮಟ್ಟಕ್ಕೇರಿಸಿದಿರಿ, ಒಂದೇಟೂ ಬೀಳಲಿಲ್ಲ. ಅದಕ್ಕೇ ಈ ಅಭಿನಂದನೆ.

ಹದಿನೈದರ ಹರೆಯದ ಮಕ್ಕಳಿಗೆ ಓದು, ಗಣಿತ, ವಿಜ್ಞಾನದಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿ ನಡೆಸುವ ‘ಪಿಸಾ’ ಪರೀಕ್ಷೆಯ 2009ರ ಸುತ್ತಿಗೆ ತಮಿಳುನಾಡು, ಹಿಮಾಚಲ ಪ್ರದೇಶಗಳನ್ನು ಕಳಿಸಿದ್ದಿರಿ. ಶಾಲೆಗಳ ಮಟ್ಟಿಗೆ ಎರಡೂ ಒಳ್ಳೆಯ ಹೆಸರಿದ್ದ ರಾಜ್ಯಗಳೇ. 2011ರ ಡಿಸೆಂಬರಿನಲ್ಲಿ ಫಲಿತಾಂಶ ಬಂದಾಗ ಅವೆರಡೂ ಕಿರ್ಗಿಸ್ತಾನದ ಜೊತೆ ಪಟ್ಟಿಯ ತಳದಲ್ಲಿ ಕೂತಿದ್ದವು. ಗಣಿತದಲ್ಲಿ ಶಾಂಘೈಗೆ 600, ತಮಿಳುನಾಡಿಗೆ 351, ಹಿಮಾಚಲಕ್ಕೆ 338.

ಪ್ರಶ್ನೆಗಳು ನಮ್ಮ ಸಾಮಾಜಿಕ, ಸಾಂಸ್ಕೃತಿಕ ಪರಿಸರಕ್ಕೆ ಹೊಂದುವುದಿಲ್ಲ ಎಂದಿರಿ. ಇದ್ದೀತು. ಆದರೆ ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯವರು 2005ರಿಂದ ಹಳ್ಳಿಹಳ್ಳಿಗೆ, ಮನೆಬಾಗಿಲಿಗೇ ಹೋಗಿ ಎರಡನೇ ತರಗತಿ ಮಟ್ಟದ ಪುಟ್ಟ ಕಥೆಯೊಂದನ್ನು ಮಕ್ಕಳ ಮುಂದೆ ಹಿಡಿಯುತ್ತಾರೆ. ಕನ್ನಡದ ಮಕ್ಕಳಿಗೆ ಕನ್ನಡದ್ದೇ ಕಥೆ. ದೇಶದ ಹಳ್ಳಿಗಳ ಐದನೇ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಅದನ್ನು ಓದಲಾಗುತ್ತಿಲ್ಲ. ಆ ಕಥೆಗೂ ಪ್ಯಾರಿಸ್ಸಿನ ಗಾಳಿ ಸೋಕಿರಬೇಕು.

2012, 2015, 2018: ಮೂರು ಸುತ್ತು ತಪ್ಪಿಸಿದಿರಿ. 2019ರಲ್ಲಿ ಮತ್ತೆ ಹುರುಪು ಬಂತು. ಈ ಸಲ ಚಂಡೀಗಢ, ಕೇಂದ್ರೀಯ ವಿದ್ಯಾಲಯ ಮತ್ತು ನವೋದಯದ ಮಕ್ಕಳನ್ನು ಕಳಿಸುವ ಯೋಜನೆ. ದಡ್ಡರಿಗೆ ಒಂಬತ್ತನೇ ತರಗತಿಯಲ್ಲೇ ಟಿಸಿ ಕೊಟ್ಟು ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶದ ಬ್ಯಾನರ್ ಕಟ್ಟುವ ಶಾಲೆಗಳನ್ನು ಬಲ್ಲ ನಮಗೆ ಈ ಜಾಣ್ಮೆ ಹೊಸದೇನಲ್ಲ. (ಚೀನಾದವರೂ ಶಾಂಘೈ, ಬೀಜಿಂಗ್‌ನಂಥ ಆಯ್ದ ಪ್ರದೇಶಗಳನ್ನು ಕಳಿಸಿಯೇ ಮೊದಲ ಸ್ಥಾನ ಹೊಡೆದದ್ದು.) ಅಷ್ಟರಲ್ಲಿ ಕೊರೊನಾ ಬಂತು, ಪರೀಕ್ಷೆ ಒಂದು ವರ್ಷ ಮುಂದೆ ಹೋಯಿತು. 2022ರಲ್ಲಿ 81 ದೇಶ-ಪ್ರದೇಶಗಳ ಮಕ್ಕಳು ಕೂತರು. ನಾವಿರಲಿಲ್ಲ. ನಡುವೆ ನಿಮ್ಮ ಸಚಿವಾಲಯದ ಹೆಸರು ‘ಮಾನವ ಸಂಪನ್ಮೂಲ’ದಿಂದ ‘ಶಿಕ್ಷಣ’ಕ್ಕೆ ಬದಲಾಗಿತ್ತು, ಅಷ್ಟೇ.

ಗೈರಾದರೆ ಅಂಕವೇ ಬರುವುದಿಲ್ಲ ಎಂದು ಮಾತ್ರ ನಿಶ್ಚಿಂತರಾಗಬೇಡಿ. ರಿಚರ್ಡ್ ಲಿನ್ ಮತ್ತು ಟಾಟು ವಾನ್ಹಾನೆನ್ ಎಂಬ ಪಂಡಿತರಿಬ್ಬರು 2002ರಲ್ಲಿ ದೇಶದೇಶಗಳ ಐಕ್ಯೂ ಪಟ್ಟಿ ಮಾಡಿದರು. 81 ದೇಶಗಳ ಅಂಕಿಅಂಶ ಕೈಯಲ್ಲಿತ್ತು. ಉಳಿದ 104ಕ್ಕೆ ಅಕ್ಕಪಕ್ಕದ ದೇಶಗಳ ಸರಾಸರಿ ತೆಗೆದು ತುಂಬಿದರು! ಈಕ್ವಟೋರಿಯಲ್ ಗಿನಿಗೆ ಕೊಟ್ಟ 59ರ ಮೂಲ ಹುಡುಕಿದರೆ, ಅದು ಸ್ಪೇನ್‌ನಲ್ಲಿ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಆಶ್ರಯಧಾಮವೊಂದರದು. ನಮ್ಮ ಪಾಲಿಗೆ 81 ಬಂತು. ಆ ಪಟ್ಟಿಯ ನಕ್ಷೆ ಇವತ್ತಿಗೂ ‘ಅವರ ಮಿದುಳೇ ಅಷ್ಟು’ ಎಂಬ ಷರಾದೊಂದಿಗೆ ಮೊಬೈಲಿಂದ ಮೊಬೈಲಿಗೆ ಹೋಗುತ್ತಿದೆ. ಆದರೆ ಹಾಲೆಂಡಿನಲ್ಲಿ ಸೈನ್ಯಕ್ಕೆ ಸೇರುವ ಹುಡುಗರ ಐಕ್ಯೂ ಅಂಕ 1952ರಿಂದ 1982ರೊಳಗೆ 20ರಷ್ಟು ಏರಿತ್ತು. ಮೂವತ್ತು ವರ್ಷದಲ್ಲಿ ಡಚ್ಚರ ಮಿದುಳನ್ನು ಯಾರು ಬದಲಿಸಿದರೋ ಕಾಣೆ.

ಇನ್ನು ಪೆರು ದೇಶದ ದಡ್ಡತನ ನೋಡಿ. 2012ರ ಪಿಸಾದಲ್ಲಿ 65ರಲ್ಲಿ ಕಟ್ಟಕಡೆಯ ಸ್ಥಾನ, ಅದೂ ಮೂರೂ ವಿಷಯಗಳಲ್ಲಿ. ಪರೀಕ್ಷೆ ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎಂದು ಎದ್ದು ಬರುವುದು ಬಿಟ್ಟು ಅಲ್ಲೇ ಕೂತರು. ಶಿಕ್ಷಣ ಮಂತ್ರಿ ಹೈಮೆ ಸಾವೆದ್ರ ಶಾಲೆಗಳಿಗೆ ಹಣ ಹೆಚ್ಚಿಸಿದರು, ಪ್ರೌಢಶಾಲೆಗಳಲ್ಲಿ ಪಾಠದ ಗಂಟೆ ಹೆಚ್ಚಿಸಿದರು, ಶಿಕ್ಷಕರ ನೇಮಕ, ಬಡ್ತಿಗೆ ಅರ್ಹತೆ ನೋಡುವುದನ್ನು ಬಿಗಿಗೊಳಿಸಿದರು. 2012ರಲ್ಲಿ 368 ಇದ್ದ ಗಣಿತದ ಅಂಕ 2022ಕ್ಕೆ 391 ಆಯಿತು. ಓದಿನದು 384ರಿಂದ 408ಕ್ಕೆ ಹೋಯಿತು. ಸಾವೆದ್ರರಿಗೆ ಸಿಕ್ಕಿದ್ದೇನು? 2016ರ ಡಿಸೆಂಬರಿನಲ್ಲಿ, 2015ರ ಸುತ್ತಿನಲ್ಲಿ ಅಂಕ ಏರಿದ ಸುದ್ದಿ ಬಂದ ತಿಂಗಳಲ್ಲೇ, ಅಲ್ಲಿನ ಸಂಸತ್ತು ಅವರನ್ನು ಮನೆಗೆ ಕಳಿಸಿತು. ಅಂಕ ಏರಿಸಿದವರ ಕುರ್ಚಿ ಹೋಗುತ್ತದೆ, ಪರೀಕ್ಷೆ ತಪ್ಪಿಸಿದವರದು ಅಲ್ಲಾಡುವುದಿಲ್ಲ. ಇದನ್ನು ನೀವು ಮೊದಲೇ ಬಲ್ಲಿರಿ.

ಇನ್ನು ಮೇಲೆ ಪಿಸಾ ನಡೆಯುವುದು ನಾಲ್ಕು ವರ್ಷಕ್ಕೊಮ್ಮೆ. 2025 ಆದಮೇಲೆ 2029. ಸಂಸ್ಕೃತಿಯ ಕಾರಣ ಬಳಸಿ ಆಯಿತು, ಕೊರೊನಾ ಹಳತಾಯಿತು. ಹೊಸ ಕಾರಣ ಹುಡುಕಲು ಈಗಲೇ ಒಂದು ಉನ್ನತ ಮಟ್ಟದ ಸಮಿತಿ ನೇಮಿಸಿ. ಸದಸ್ಯರ ಆಯ್ಕೆಗೆ ಪರೀಕ್ಷೆಯೇನೂ ಬೇಡ.

ಇಂತಿ ತಮ್ಮ ವಿಧೇಯ,
ಹಿಂದಿನ ಬೆಂಚಿನವ