ಹೋಗುವ ದೂರ, ಬರುವ ದೂರ: ಒಂದು ಶಾಸ್ತ್ರಾರ್ಥ

ಬೆಂಗಳೂರಿಗೆ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರವೋ ಸ್ಯಾನ್ ಫ್ರಾನ್ಸಿಸ್ಕೊಗೆ ಬೆಂಗಳೂರೂ ಅಷ್ಟೇ ದೂರ ಎಂಬುದು ಪಾಮರರ ನಂಬಿಕೆ. ಅದನ್ನು ಸಪ್ರಮಾಣವಾಗಿ ಖಂಡಿಸುವುದೇ ಈ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ. ಭೂಮಿ ಗುಂಡಗಿದೆ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಹಿಡಿದು ಬಿಗಿದರೆ ಅದು ಚೀನಾ, ಸೈಬೀರಿಯಾ ದಾಟಿ, ಅಲಾಸ್ಕಾದ ಮೇಲೆ ಇಳಿಯುತ್ತದೆ. ಯಾವ ತುದಿಯಿಂದ ಅಳೆದರೂ ಸುಮಾರು 14,000 ಕಿ.ಮೀ. ಗಾಳಿಯ ಬೀಸು ನೋಡಿ ಪೈಲಟ್‌ಗಳು ದಾರಿ ಬದಲಿಸಬಹುದು, ಅಷ್ಟೇ.

ದಾರ ಹಿಡಿದು ಅಳೆಯುವವರು ಪ್ರಯಾಣ ಮಾಡಿದವರಲ್ಲ. ಚಳಿಗಾಲದ ಒಂದು ಸೋಮವಾರ ಮಧ್ಯಾಹ್ನ ಎರಡಕ್ಕೆ ದೇವನಹಳ್ಳಿಯಲ್ಲಿ ವಿಮಾನ ಹತ್ತಿದವನು ಹದಿನಾರು ಗಂಟೆ ಹಾರಿ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಅದೇ ಸೋಮವಾರ ಸಂಜೆ ನಾಲ್ಕೂವರೆ. ಅಂದರೆ ಎರಡೂವರೆ ಗಂಟೆ! ವೇಗ ಗಂಟೆಗೆ 5,600 ಕಿ.ಮೀ. ಎರಡು ಸಾವಿರ ಚಿಲ್ಲರೆಯಲ್ಲಿ ಹಾರಿ ಹೆಸರು ಮಾಡಿದ ಕಾಂಕಾರ್ಡ್ ನಾಚಬೇಕು.

ಮರಳಿ ಬರುವವನ ಗತಿ ಬೇರೆ. ಶನಿವಾರ ರಾತ್ರಿ ಎಂಟೂವರೆಗೆ ಹೊರಟು ಹದಿನೇಳು ಗಂಟೆ ಹಾರಿದರೆ ಇಲ್ಲಿ ಸೋಮವಾರ ಬೆಳಗಿನ ಜಾವ ಮೂರು. ಗಡಿಯಾರದ ಲೆಕ್ಕದಲ್ಲಿ ಮೂವತ್ತೂವರೆ ಗಂಟೆ. 2021ರ ಜನವರಿ 9ರಂದು ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಬಂದದ್ದೂ ಹೀಗೆಯೇ: ಶನಿವಾರ ಏರಿ ಸೋಮವಾರ ಇಳಿಯಿತು. ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತು ಸಂಗಡಿಗರು, ಎಲ್ಲರೂ ಮಹಿಳೆಯರೇ, ಉತ್ತರ ಧ್ರುವದ ಮೇಲಿಂದ ಹಾರಿಸಿ ತಂದರು. ಪ್ರಯಾಣಿಕರಿಗೆ ಆ ವಾರದ ಭಾನುವಾರಕ್ಕೆ ನೆಲವೇ ಸಿಗಲಿಲ್ಲ.

(ಪ್ರಾಸಂಗಿಕವಾಗಿ: ಆ ಭಾನುವಾರ ಏಕಾದಶಿ ಬಿದ್ದರೆ ಉಪವಾಸ ಯಾವ ಸೂರ್ಯೋದಯಕ್ಕೆ? ಜನವರಿಯಲ್ಲಿ ಧ್ರುವದ ಮೇಲೆ ಸೂರ್ಯ ಹುಟ್ಟುವುದೇ ಇಲ್ಲ, ಮಾರ್ಚಿನವರೆಗೆ ಕಾಯಬೇಕು. ಎರಡು ದಿನದ ಏಕಾದಶಿಗೇ ಒಪ್ಪದ ಪಂಚಾಂಗಕರ್ತರ ಮುಂದೆ ಇದನ್ನಿಡಲು ಲೇಖಕನಿಗೆ ಧೈರ್ಯವಿಲ್ಲ.)

ಈಗ ಸಿದ್ಧಾಂತ. ಹೋಗುವ ದೂರಕ್ಕಿಂತ ಬರುವ ದೂರ ಹನ್ನೆರಡು ಪಟ್ಟು. ಮಗ ಅಮೆರಿಕಕ್ಕೆ ಹೋದಾಗ ಅದು ಪಕ್ಕದ ಮನೆಯಷ್ಟು ಸಲೀಸು. ಅಮ್ಮ ‘ಯಾವಾಗ ಬರ್ತೀಯೋ’ ಎಂದಾಗ ಅವನು ‘ಮುಂದಿನ ವರ್ಷ ನೋಡೋಣಮ್ಮ’ ಎನ್ನುವುದು ಉದಾಸೀನವಲ್ಲ, ಗಣಿತ. ಮಲ್ಲೇಶ್ವರ, ಬಸವನಗುಡಿಗಳ ಎಷ್ಟೋ ಮನೆಗಳಲ್ಲಿ ಇದನ್ನು ತಪ್ಪಾಗಿ ಸೊಸೆಯ ತಲೆಗೆ ಕಟ್ಟಲಾಗಿದೆ.

ಪೂರ್ವಪಕ್ಷಿಯ ಕೊನೆಯ ಆಕ್ಷೇಪ: ಮಾರ್ಚಿನಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುತ್ತಾರಲ್ಲ? ಹೌದು. ಆಗಿಂದ ನವೆಂಬರಿನವರೆಗೆ ಬರುವ ದೂರ ಇಪ್ಪತ್ತೊಂಬತ್ತೂವರೆ ಗಂಟೆಗೆ ಇಳಿಯುತ್ತದೆ, ಮಗ ಒಂದು ಗಂಟೆ ಹತ್ತಿರವಾಗುತ್ತಾನೆ. ತಾಯಂದಿರು ಕೇಳುವುದಿದ್ದರೆ ಆಗಲೇ ಕೇಳುವುದು ಶಾಸ್ತ್ರಸಮ್ಮತ. ಆದರೆ ‘ರಜಾದಲ್ಲಿ ಟಿಕೆಟ್ ತುಂಬಾ ದುಬಾರಿ ಅಮ್ಮ’ ಎಂಬ ಪ್ರತ್ಯುತ್ತರಕ್ಕೆ ಖಂಡನೆಯಿನ್ನೂ ದೊರೆತಿಲ್ಲ.