ಸ್ವಾರಸ್ಯರಾಯ

ಕನ್ನಡ ಎಂ.ಎ. ಇರುವ ಊರಲ್ಲೆಲ್ಲ ಒಬ್ಬ ಸ್ವಾರಸ್ಯರಾಯ ಇದ್ದೇ ಇರುತ್ತಾನೆ. ಹೆಗಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಗ್ರಂಥಾಲಯ ಮೂರು ಸಲ ವಾಪಸು ಕೇಳಿರುವ ತೀ.ನಂ.ಶ್ರೀ.ಯವರ ‘ಭಾರತೀಯ ಕಾವ್ಯಮೀಮಾಂಸೆ’, ಜೇಬಿನಲ್ಲಿ ಬಸ್ ಟಿಕೆಟಿನ ಹಿಂಬದಿಗೆ ಗೀಚಿದ ಟಿಪ್ಪಣಿಗಳು. ಕ್ಯಾಂಟೀನಿನಲ್ಲಿ ಎಲ್ಲರೂ ಕಾಫಿ ಯಾರ ಲೆಕ್ಕಕ್ಕೆ ಎಂದು ಜಗಳವಾಡುತ್ತಿದ್ದರೆ ಅವನು ಮೇಜಿಗೆ ಮೊಣಕೈ ಊರಿ ಕೇಳುತ್ತಾನೆ: “ಅದೆಲ್ಲ ಇರ್ಲಿ ಮಾರಾಯ, ಗದಾಯುದ್ಧದ ನಾಯಕ ಯಾರು?”

ಪ್ರಶ್ನೆ ಹಳೆಯದು. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಹೋಲಿಸಿ ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂದು ಹೆಸರಿಟ್ಟ. ಓದಿದವರು ಮಾತ್ರ ದುರ್ಯೋಧನನಿಗಾಗಿ ಕಣ್ಣೀರಿಟ್ಟರು. ಬಿ.ಎಂ.ಶ್ರೀ. ಅದನ್ನೇ ‘ಗದಾಯುದ್ಧ ನಾಟಕಂ’ ಮಾಡಿದಾಗ ದುರ್ಯೋಧನ ಗ್ರೀಕ್ ರುದ್ರನಾಟಕದ ನಾಯಕನ ಎತ್ತರಕ್ಕೆ ಬಂದು ನಿಂತ. ಅಲ್ಲಿಂದೀಚೆಗೆ ಈ ಪ್ರಶ್ನೆ ಪರೀಕ್ಷೆಗಳಿಗೆ ಬರುತ್ತಲೇ ಇದೆ. ಉಳಿದವರು ಉತ್ತರ ಬರೆದು, ಅಂಕ ತೆಗೆದುಕೊಂಡು, ಸಂಜೆಯ ಸಿನಿಮಾಕ್ಕೆ ಹೋಗುತ್ತಾರೆ. ಸ್ವಾರಸ್ಯರಾಯ ಸಿನಿಮಾಕ್ಕೂ ಬರುತ್ತಾನೆ. ಬಂದು, ಮಧ್ಯಂತರದಲ್ಲಿ ಭೀಮನ ಪಕ್ಷ ಬಿಟ್ಟು ದುರ್ಯೋಧನನ ಪಕ್ಷ ಸೇರುತ್ತಾನೆ.

ರೋಗದ ಮೂಲ ಹೈಸ್ಕೂಲಿನಲ್ಲಿದೆ. ‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ’ ಎಂಬ ಪ್ರಶ್ನೆಯನ್ನು ಕನ್ನಡ ಓದಿದ ಮಕ್ಕಳೆಲ್ಲ ಎದುರಿಸಿದವರೇ. ಮೊದಲು ಪಾಠ ಯಾವುದು, ಕವಿ ಯಾರು ಎಂದು ಬರೆಯಬೇಕು; ಆಮೇಲೆ ಯಾರು, ಯಾರಿಗೆ, ಯಾವಾಗ ಹೇಳಿದರು; ಕೊನೆಗೆ ಸ್ವಾರಸ್ಯ. ಮೊದಲೆರಡು ಗೈಡಿನಲ್ಲಿ ಸಿಗುತ್ತವೆ. ಮೂರನೆಯದಕ್ಕೆ ಇಡೀ ತರಗತಿ ಒಂದೇ ವಾಕ್ಯವನ್ನು ಇಟ್ಟುಕೊಂಡಿರುತ್ತದೆ: ‘ಕವಿಯು ಇಲ್ಲಿ ಬಹಳ ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾನೆ.’ ಮೇಷ್ಟ್ರು ಅರ್ಧ ಅಂಕ ಕೊಟ್ಟು ಮುಂದೆ ಹೋಗುತ್ತಾರೆ. ಈ ಹುಡುಗ ಆ ಜಾಗದಲ್ಲಿ ಒಂದೂವರೆ ಪುಟ ತುಂಬಿಸಿ ಅಡಿಷನಲ್ ಶೀಟ್ ಕೇಳಿದ. ಗಂಟೆ ಹೊಡೆದಾಗ ವ್ಯಾಕರಣದ ಭಾಗ ಪೂರ್ತಿ ಖಾಲಿ ಉಳಿದಿತ್ತು.

ಎಂ.ಎ.ಗೆ ಬಂದ ಮೇಲೆ ಅವನ ಕೈಗೆ ಆಯುಧಗಳು ಸಿಕ್ಕವು. ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿಯನ್ನು ಕೊಟ್ಟ. ಕುಂತಕ ವಕ್ರೋಕ್ತಿಯನ್ನು, ಕ್ಷೇಮೇಂದ್ರ ಔಚಿತ್ಯವನ್ನು. ನವ್ಯದ ವಿಮರ್ಶಕರು ಪ್ರತಿಮೆ, ಸಂಕೇತಗಳನ್ನು ಒದಗಿಸಿದರು. ಎರಡನೇ ಸೆಮಿಸ್ಟರಿನ ಹೊತ್ತಿಗೆ ಅವನು ಪುಸ್ತಕ ಓದುವುದನ್ನು ಬಿಟ್ಟು ಪಠ್ಯದೊಂದಿಗೆ ಅನುಸಂಧಾನ ನಡೆಸತೊಡಗಿದ್ದ. ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಪದ್ಯವೊಂದಕ್ಕೆ 102 ಮಾತ್ರೆ ಎಂಬ ಕಟ್ಟುನಿಟ್ಟಿದೆ. ಇವನು ಆ ಪದ್ಯಕ್ಕೆ ಹೇಳುವ ಅರ್ಥಕ್ಕೆ ಅಂಥ ಯಾವ ಗಡಿಯೂ ಇಲ್ಲ. ಬೇಂದ್ರೆಯವರ ‘ನಾಕು ತಂತಿ’ ಓದಿದ ವಾರ ಮೆಸ್ಸಿನಲ್ಲಿ ತಟ್ಟೆಗೆ ನಾಲ್ಕು ಇಡ್ಲಿ ಬಿದ್ದವು. ನಾನು, ನೀನು, ಆನು, ತಾನು ಎಂದು ಒಂದೊಂದನ್ನೂ ಬೆರಳಿಟ್ಟು ತೋರಿಸಿದ. ‘ತಾನು’ ಆರಿಹೋಗುತ್ತಿದೆ ಎಂದು ರೂಮ್‌ಮೇಟ್ ಅದನ್ನು ಎತ್ತಿ ತಿಂದ.

ಈ ರೂಮ್‌ಮೇಟಿನ ಬಗ್ಗೆ ಎರಡು ಮಾತು ಹೇಳಬೇಕು. ಮಂಡ್ಯ ಕಡೆಯವನು, ಕನ್ನಡ ಸೇರಿದ್ದು ಬೇರೆಲ್ಲೂ ಸೀಟು ಸಿಗದೆ, ಈಗ ಪತ್ರಿಕೆಗಳಿಗೆ ಹರಟೆ ಬರೆಯುತ್ತಾನೆ. ಅವನ ಪರಿಚಯ ಇಷ್ಟು ಸಾಕು. ಅವನು ಈ ಸ್ವಾರಸ್ಯರಾಯನಿಂದ ಪಟ್ಟ ಪಾಡನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಪಾಡೆಂದರೆ ರಾತ್ರಿಯದು. ದೀಪ ಆರಿದ ಮೇಲೆ ಕತ್ತಲಿನಿಂದ “ಮಲಗಿದ್ಯಾ?” ಎಂಬ ಪ್ರಶ್ನೆ ಬರುತ್ತದೆ. ಮಲಗಿದೆ ಎಂದರೆ ಎಚ್ಚರವಿದ್ದಂತಾಯಿತು. ಸುಮ್ಮನಿದ್ದರೆ ಮೌನಂ ಸಮ್ಮತಿ ಲಕ್ಷಣಂ. ಒಂದು ರಾತ್ರಿ ಹಾಸ್ಟೆಲಿನ ವಾಚ್‌ಮನ್ ಗೇಟಿನ ಬಳಿ ಮೊಬೈಲಿನಲ್ಲಿ ಹಳೆಯ ಚಿತ್ರಗೀತೆ ಹಾಕಿಕೊಂಡಿದ್ದ. ಸ್ವಾರಸ್ಯರಾಯ ಧಡಕ್ಕನೆ ಎದ್ದು ಕೂತ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಮಾವುತನ ಹಾಡು ಕೇಳಿ ಮನಸೋತದ್ದೂ ಇಂಥ ಅಪರಾತ್ರಿಯಲ್ಲೇ. ಮೊದಲು ದನಿ, ರೂಪ ಆಮೇಲೆ. ಆ ರೂಪ ಅಷ್ಟಾವಂಕವಾಗಿದ್ದರೂ ದನಿ ಹಿಡಿದದ್ದನ್ನು ಕಣ್ಣು ಬಿಡಿಸಲಾರದು. ಕಾರ್ನಾಡರು ಇದೇ ಕತೆಯನ್ನು ‘ಹಿಟ್ಟಿನ ಹುಂಜ’ ಮಾಡಿದಾಗ ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು? ವ್ಯಾಖ್ಯಾನ ಗಂಟೆಗಟ್ಟಲೆ ನಡೆಯಿತು. ಅಷ್ಟರಲ್ಲಿ ವಾಚ್‌ಮನ್ ಹಾಡು ನಿಲ್ಲಿಸಿ ಗೊರಕೆ ಹೊಡೆಯತೊಡಗಿದ್ದ. ಗೊರಕೆಯಲ್ಲೂ ಲಯವಿದೆ ಎಂದು ಅವನು ಹೇಳುವ ಮೊದಲೇ ರೂಮ್‌ಮೇಟ್ ದಿಂಬು ಎಸೆದ.

ಇವೆಲ್ಲ ಸಹಿಸಬಹುದಾದವು. ಸಹಿಸಲಾಗದ್ದು ಅವನ ಜೊತೆ ನಾಟಕಕ್ಕೆ ಹೋಗುವುದು.

ಆ ವರ್ಷ ಊರಿನ ಹವ್ಯಾಸಿ ತಂಡವೊಂದು ‘ತುಘಲಕ್’ ಆಡಿತು. ಕಾರ್ನಾಡರ ಈ ನಾಟಕ ಪ್ರಕಟವಾದದ್ದು 1964ರಲ್ಲಿ, ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಕನಸುಗಾರ ಸುಲ್ತಾನನ ಕುಸಿತದಲ್ಲಿ ನೆಹರೂ ಕಾಲದ ಭ್ರಮನಿರಸನವನ್ನು ಕಂಡವರು ಹಲವರು. ಅರ್ಥ ಹುಡುಕುವವನಿಗೆ ಇಲ್ಲಿ ಬರಗಾಲವೇ ಇಲ್ಲ: ಸುಲ್ತಾನನ ಚದುರಂಗ, ನಮಾಜಿನ ಹೊತ್ತಿನ ಕೊಲೆಯ ಸಂಚು, ದಿಲ್ಲಿಯಿಂದ ದೌಲತಾಬಾದಿಗೆ ಜನರ ಗುಳೆ, ಗುಲಾಬಿ ತೋಟದಲ್ಲಿ ರಾಶಿ ಬಿದ್ದ ಖೋಟಾ ನಾಣ್ಯ. ಇಷ್ಟೆಲ್ಲ ಇದ್ದರೂ ನಮ್ಮವನ ಕಣ್ಣು ನೆಟ್ಟದ್ದು ರಂಗದ ಎಡಮೂಲೆಯಲ್ಲಿದ್ದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಹದಿಮೂರು ದೃಶ್ಯಗಳಲ್ಲೂ ಅದು ಅಲ್ಲೇ ಇತ್ತು. ಯಾರೂ ಕೂರಲಿಲ್ಲ, ಯಾರೂ ಮುಟ್ಟಲಿಲ್ಲ. ಒಂದು ಕಾಲಿಗೆ ತಂತಿ ಸುತ್ತಿತ್ತು.

ನಾಟಕ ಮುಗಿದು ಸಂವಾದ ಶುರುವಾಯಿತು. ಇಂಥ ಸಂವಾದಗಳಲ್ಲಿ ಒಬ್ಬರು ನಟನೆ ಚೆನ್ನಾಗಿತ್ತು ಎನ್ನುತ್ತಾರೆ, ಇನ್ನೊಬ್ಬರು ಹಿಂದೆ ಸಿ.ಆರ್. ಸಿಂಹ ಮಾಡಿದ ತುಘಲಕನನ್ನು ನೋಡಿದವರು ಇದನ್ನು ನೋಡಲಾರರು ಎನ್ನುತ್ತಾರೆ. ಆಮೇಲೆ ಮೈಕು ಸ್ವಾರಸ್ಯರಾಯನ ಕೈಗೆ ಬಂತು. “ನನ್ನದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ” ಎಂದು ಆರಂಭಿಸಿದ. ರೂಮ್‌ಮೇಟ್ ಮೆಲ್ಲಗೆ ಎರಡು ಸಾಲು ಹಿಂದಕ್ಕೆ ಸರಿದು ಕೂತ. ಖಾಲಿ ಕುರ್ಚಿ ಸಿಂಹಾಸನದ ನೆರಳು. ಸುಲ್ತಾನ ಜರತಾರಿ ಪೀಠದಲ್ಲಿ ಕೂತಷ್ಟೂ ಹೊತ್ತು ಪ್ರಜೆಯ ಆಸನ ಬರಿದಾಗಿತ್ತು. ಆ ಮುರಿದ ಕಾಲು ದೌಲತಾಬಾದಿನ ದಾರಿಯಲ್ಲಿ ನಡೆದು ಸವೆದ ಕಾಲು. ಪ್ಲಾಸ್ಟಿಕ್ ಎಂಬುದೇ ಈ ಕಾಲದ ತಾಮ್ರದ ನಾಣ್ಯ. ಸಭೆ ಸ್ತಬ್ಧವಾಯಿತು. ಮುಂದಿನ ಸಾಲಿನ ಹಿರಿಯರೊಬ್ಬರು ತಲೆದೂಗಿದರು.

ನಿರ್ದೇಶಕರು ಗಂಟಲು ಸರಿಪಡಿಸಿಕೊಂಡರು. “ಅದು ಲೈಟಿನ ಹುಡುಗ ಬಲ್ಬ್ ಹಾಕೋಕೆ ಹತ್ತಿದ ಕುರ್ಚಿ ಕಣಪ್ಪಾ. ತೆಗೆಯೋಕೆ ಮರೆತಿದ್ದಾನೆ. ಪರದೆ ಎದ್ದ ಮೇಲೆ ಹೋಗಿ ತೆಗೆಯೋದು ಹೇಗೆ?”

ಸಭೆ ಐದು ನಿಮಿಷ ನಕ್ಕಿತು. ಬೇರೆ ಯಾರೇ ಆಗಿದ್ದರೂ ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಳ್ಳುತ್ತಿದ್ದರು. ಇವನು ಮೈಕು ಬಿಡಲಿಲ್ಲ. “ಸರ್, ಮರೆತದ್ದು ಹುಡುಗ. ರಂಗ ಮರೆತಿಲ್ಲ” ಎಂದ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮರುವಾರ ಅದೇ ತಂಡ ಪಕ್ಕದ ಊರಿನಲ್ಲಿ ಪ್ರದರ್ಶನ ಕೊಟ್ಟಾಗ ರಂಗದ ಎಡಮೂಲೆಯಲ್ಲಿ ಕುರ್ಚಿ ಇತ್ತು. ಈ ಸಲ ಮರದ್ದು, ಅದರ ಮೇಲೊಂದು ಕೆಂಪು ಬೆಳಕು ಬೇರೆ. ಕೊನೆಯ ದೃಶ್ಯದಲ್ಲಿ ಸುಲ್ತಾನ ಅದರ ಮುಂದೆ ಒಂದು ಗಳಿಗೆ ನಿಂತು ನಿಟ್ಟುಸಿರು ಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಬಸ್ಸಿನ ಚಾರ್ಜು ಕೊಟ್ಟು ರೂಮ್‌ಮೇಟನ್ನು ಕರೆದುಕೊಂಡು ಹೋಗಿದ್ದ ಸ್ವಾರಸ್ಯರಾಯ ಮಾತ್ರ ಮುಖ ಸಿಂಡರಿಸಿ ಎದ್ದ. “ಕೆಟ್ಟುಹೋಯ್ತು ಮಾರಾಯ. ಅವತ್ತು ಧ್ವನಿ ಇತ್ತು. ಇವತ್ತು ಬರೀ ವಾಚ್ಯ.”

ಇಂಥವನನ್ನು ದ್ವೇಷಿಸುವುದು ಸುಲಭವಾಗಿರುತ್ತಿತ್ತು, ಆಗೊಮ್ಮೆ ಈಗೊಮ್ಮೆ ಅವನು ಸರಿಯಾದದ್ದನ್ನೇ ಹೇಳದೇ ಇದ್ದಿದ್ದರೆ. ಸೆಮಿನಾರಿಗೆ ಶಾಕುಂತಲ ಬಂದಾಗ ಉಳಿದವರೆಲ್ಲ ದೂರ್ವಾಸರ ಶಾಪ, ಕಳೆದ ಉಂಗುರ, ಇವೆರಡೂ ಮಹಾಭಾರತದ ಕತೆಯಲ್ಲಿಲ್ಲ, ಕಾಳಿದಾಸ ಸೇರಿಸಿದ್ದು ಎಂದು ಬರೆದು ತಂದರು. ಇವನು ಆರನೇ ಅಂಕದ ಮೊದಲ ಭಾಗವನ್ನು ಮಾತ್ರ ಹಿಡಿದುಕೊಂಡು ಬಂದ. ಮೀನಿನ ಹೊಟ್ಟೆಯಲ್ಲಿ ಉಂಗುರ ಕಂಡ ಬಡ ಮೀನುಗಾರನನ್ನು ಕಾವಲುಗಾರರು ಕಳ್ಳನೆಂದು ಹಿಡಿದು ಹೊಡೆಯುತ್ತಾರೆ. ಅವನ ಕಸುಬನ್ನು ಆಡಿಕೊಳ್ಳುತ್ತಾರೆ. ಅವರ ಮೇಲಧಿಕಾರಿ ಸ್ವತಃ ರಾಜನ ಬಾವಮೈದ. ಅರಮನೆಯಿಂದ ಉಂಗುರದ ಬೆಲೆಯಷ್ಟೇ ಬಹುಮಾನ ಬಂದ ಕೂಡಲೇ ಮೀನುಗಾರ ಅರ್ಧವನ್ನು ಅವರ ಕೈಗೆ ಇಡುತ್ತಾನೆ. ಒದ್ದವರೂ ಒದೆಸಿಕೊಂಡವನೂ ಗೆಳೆಯರಾಗಿ ಹೆಂಡದಂಗಡಿಗೆ ಹೋಗುತ್ತಾರೆ. ಶೃಂಗಾರದ ಇಷ್ಟು ದೊಡ್ಡ ನಾಟಕದಲ್ಲಿ ಕವಿ ಈ ಲಂಚದ ಲೆಕ್ಕವನ್ನು ಯಾಕೆ ಬರೆದಿಟ್ಟ ಎಂದು ಅವನು ಕೇಳಿದಾಗ ತರಗತಿಯಲ್ಲಿ ಉತ್ತರ ಇರಲಿಲ್ಲ. ಪ್ರಾಧ್ಯಾಪಕರು ಗಡಿಯಾರ ನೋಡಿ, ಒಳ್ಳೆಯ ಪ್ರಶ್ನೆ ಎಂದರು.

ಈ ಚಾಳಿ ಅವನಿಗೆ ನಿಜವಾಗಿ ಎಲ್ಲಿಂದ ಬಂತೆಂಬುದು ರೂಮ್‌ಮೇಟಿಗೆ ತಿಳಿದದ್ದು ಮಳೆಗಾಲದ ರಜೆಯಲ್ಲಿ. ಸಿದ್ದಾಪುರದ ಕಡೆಯ ಅವನ ಮನೆಯಲ್ಲಿ ಅಡಿಕೆ ತೋಟ ಸಣ್ಣದು, ಜಗಲಿ ದೊಡ್ಡದು. ಬಯಲಾಟದ ಮೇಳಗಳ ತಿರುಗಾಟ ನಿಂತಿರುವ ಆ ತಿಂಗಳುಗಳು ತಾಳಮದ್ದಳೆಗೆ ಹೇಳಿಮಾಡಿಸಿದಂಥವು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಚಾಪೆಯ ಮೇಲೆ ಕೂತು ಆ ಪದಕ್ಕೆ ಅರ್ಥ ಹೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಈ ಮಾತುಗಾರಿಕೆಯಿಂದಲೇ ನಾಡಿಗೆಲ್ಲ ಹೆಸರಾದವರು. ಅಂದು ವಾಲಿವಧೆ. ಬಾಣ ನಾಟಿಸಿಕೊಂಡ ವಾಲಿಯಾಗಿ ಕೂತಿದ್ದವರು ಸ್ವಾರಸ್ಯರಾಯನ ಅಪ್ಪಯ್ಯ, ಓದಿದ್ದು ಏಳನೇ ಇಯತ್ತೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಹಿಡಿದು ಕೇಳತೊಡಗಿದರು. ರಾಮನಾಗಿದ್ದ ನಿವೃತ್ತ ಪೋಸ್ಟ್ ಮಾಸ್ಟರು ಒಂದು ಸಮಾಧಾನ ಹೇಳಿದರೆ ಇವರು ಅದರ ಬುಡದಿಂದ ಇನ್ನೊಂದು ಪ್ರಶ್ನೆ ತೆಗೆಯುವರು. ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಒಂದೇ ಪದಕ್ಕೆ ಮುಕ್ಕಾಲು ಗಂಟೆ. ಕಷಾಯದ ಲೋಟ ಹಿಡಿದು ಕೂತಿದ್ದ ಅಕ್ಕಪಕ್ಕದ ಮನೆಯವರು ಯಾರೂ ಗಡಿಯಾರ ನೋಡಲಿಲ್ಲ. ವಾಲಿ ಗೆಲ್ಲಲಿ ಎಂದು ಒಳಗೊಳಗೇ ಹಾರೈಸುತ್ತಿದ್ದಂತಿತ್ತು. ಕಂಬಕ್ಕೆ ಒರಗಿದ್ದ ಮಗ ಬಸ್ ಟಿಕೆಟಿನ ಹಿಂಬದಿಗೆ ಬರೆದುಕೊಳ್ಳುತ್ತಿದ್ದ.

ಮರುದಿನ ಮಗ ಅಪ್ಪನಿಗೆ ವಾಲಿಯ ವಾದವನ್ನು ಸಿದ್ಧಾಂತದ ನೆಲೆಯಲ್ಲಿ ವಿವರಿಸಲು ಹೋದ. ಅಪ್ಪಯ್ಯ ಕವಳ ಹಾಕಿಕೊಂಡು ಪೂರ್ತಿ ಕೇಳಿದರು. “ಚಲೋ ಹೇಳಿದೆ. ಆದ್ರೆ ನಿನ್ನ ವಾಲಿಗೆ ಬಾಣ ತಾಗಿದ ಹಾಗೆ ಕಾಣ್ಲಿಲ್ಲ” ಎಂದರು. ಸ್ವಾರಸ್ಯರಾಯ ಅಂದು ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ರೂಮ್‌ಮೇಟ್ ಆ ಮೌನವನ್ನು ಮನಸಾರೆ ಸವಿದ.

ಎಂ.ಎ. ಮುಗಿದ ಮೇಲೆ ಬಂದದ್ದು ಅಧ್ಯಾಪಕರ ಅರ್ಹತಾ ಪರೀಕ್ಷೆ ಎನ್‌ಇಟಿ. ಅದರ ಮೂರನೆಯ ಪತ್ರಿಕೆಯಲ್ಲಿ ಹಿಂದೆ ಪ್ರಬಂಧ ಬರೆಯಲು ಜಾಗವಿತ್ತು. 2012ರಿಂದ ಅದೂ ಹೋಗಿ ಎಲ್ಲವೂ ನಾಲ್ಕು ಆಯ್ಕೆಯ ಪ್ರಶ್ನೆಯಾಯಿತು. ಕೃತಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ. ಪಟ್ಟಿ ಒಂದನ್ನು ಪಟ್ಟಿ ಎರಡರೊಂದಿಗೆ ಹೊಂದಿಸಿ. ಒಂದೇ ಪದ್ಯಕ್ಕೆ ಏಳು ಅರ್ಥ ಹೇಳಬಲ್ಲವನು ಅ, ಆ, ಇ, ಈಗಳ ಮುಂದೆ ಕೂತು ನಾಲ್ಕೂ ಒಂದೊಂದು ದೃಷ್ಟಿಯಿಂದ ಸರಿ ಎಂದು ತೀರ್ಮಾನಿಸಿದ. ಹಾಗೆ ತೀರ್ಮಾನಿಸಿದ್ದನ್ನು ಬರೆದು ತಿಳಿಸಲು ಕಂಪ್ಯೂಟರಿನ ಪರದೆಗೆ ಅಂಚಿಲ್ಲ. ಅವನ ಟಿಪ್ಪಣಿ ನೋಡಿಕೊಂಡು ಓದಿದ ರೂಮ್‌ಮೇಟ್ ಮೊದಲ ಸಲಕ್ಕೇ ಪಾಸಾದ.

ಈಗ ಸ್ವಾರಸ್ಯರಾಯ ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕುತ್ತಾನೆ, ಸಂಬಳ ಬಂದಾಗ ಬರುತ್ತದೆ. ಮಕ್ಕಳ ಕೈಯಲ್ಲಿ ಪದ್ಯದ ಆಶಯವನ್ನು ಎಂಟು ಸಾಲಿನಲ್ಲಿ ಹೇಳುವ ನೋಟ್ಸ್ ಇರುತ್ತದೆ. ಪಠ್ಯಪುಸ್ತಕ ತರುವವರು ಕಡಿಮೆ. ಪಾಠದ ನಡುವೆ ಅವನು ಕಿಟಕಿಯಾಚೆ ನೋಡಿ ಏನೋ ಹೊಳೆದು ನಿಂತುಬಿಟ್ಟರೆ, ಸರ್, ಇದು ಪರೀಕ್ಷೆಗೆ ಬರುತ್ತಾ ಎಂದು ಕೇಳುತ್ತಾರೆ. ಹಾಸ್ಟೆಲಿನಲ್ಲಿ ಅವನ ಮೇಲೆ ದಿಂಬು ಎಸೆಯುವವನಾದರೂ ಒಬ್ಬನಿದ್ದ.

ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ರೂಮ್‌ಮೇಟಿನ ಫೋನು ರಿಂಗಾಯಿತು. ಹಲೋ ಎನ್ನುವ ಮೊದಲೇ, “ಮಲಗಿದ್ಯಾ?”

“ಮಲಗಿದೀನಿ. ಹೇಳು.”

“ಇವತ್ತು ಶಾಕುಂತಲ ಮಾಡ್ತಿದ್ದೆ. ಕೊನೇ ಬೆಂಚಿನ ಹುಡುಗಿ ಎದ್ದು ಕೇಳಿದ್ಲು, ಉಂಗುರ ಕೊಟ್ಟ ಆ ಮೀನುಗಾರ ನಾಟಕದಲ್ಲಿ ಮತ್ತೆ ಬರೋದೇ ಇಲ್ವಲ್ಲ ಸರ್, ಯಾಕೆ ಅಂತ. ನೋಟ್ಸಲ್ಲಿ ಇಲ್ಲದ್ದು ಮಾರಾಯ! ಅವಳಿಗೇ ಹೊಳೆದದ್ದು.”

“ಅವನ ಕೆಲಸ ಮುಗೀತು ಕಣೋ. ಕಾಳಿದಾಸನಿಗೆ ಬೇಕಾಗಿದ್ದು ಉಂಗುರ.”

“ಹಾಗಾದ್ರೆ ಒದೆ ಯಾಕೆ ತಿನ್ನಿಸಿದ? ಉಂಗುರ ನೇರ ಅರಮನೆಗೆ ಕಳಿಸಬಹುದಿತ್ತಲ್ಲ?”

ನಾಳೆ ಬೆಳಿಗ್ಗೆ ಆಫೀಸಿದೆ, ಫೋನಿಡು ಎಂದು ರೂಮ್‌ಮೇಟ್ ಗದರಿದ. ಶೃಂಗಾರದ ಮಧ್ಯೆ ಒಂದಿಷ್ಟು ಹಾಸ್ಯ ಬೇಕಿತ್ತು, ಅಷ್ಟೇ ಎಂದ. ಒದೆ ತಿನ್ನುವವನಿಗೂ ಅದು ಹಾಸ್ಯವೇ ಎಂದು ಅತ್ತಲಿಂದ ಪ್ರಶ್ನೆ ಬಂತು. ಒಳಗಿನ ಕೋಣೆಯಿಂದ ಹೆಂಡತಿ, “ಯಾರ್ರೀ ಅದು ಇಷ್ಟು ಹೊತ್ತಲ್ಲಿ, ಯಾರು ಯಾರಿಗೆ ಹೊಡೆದ್ರು?” ಎಂದು ಕೂಗಿದಳು.

“ಯಾರಿಗೂ ಇಲ್ಲ, ನೀನು ಮಲಗು” ಎಂದವನು ಎದ್ದು ದೀಪ ಹಾಕಿ, ಕಪಾಟಿನ ಮುಂದೆ ನಿಂತು, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ.

“ಲೈನಲ್ಲೇ ಇರು. ಆರನೇ ಅಂಕ ತಾನೇ? ಪುಸ್ತಕ ತೆಗೀತೀನಿ, ನೀನು ಹೇಳ್ತಿರೋದು ಹೇಗೆ ತಪ್ಪು ಅಂತ ತೋರಿಸ್ತೀನಿ.”