ನನ್ನ ಹೆಸರಿನಲ್ಲಿ ಓಡಾಡುತ್ತಿರುವ ಮಹನೀಯರಿಗೆ

ಮಹಾರಾಜಶ್ರೀಯವರ ಸನ್ನಿಧಾನಕ್ಕೆ,

ಇತ್ತ ನಾವು ಕ್ಷೇಮ. ಅತ್ತ ತಮ್ಮ ಕ್ಷೇಮಕ್ಕೆ ಆಗಿಂದಾಗ್ಗೆ ಕಾಗದ ಬರೆಯುತ್ತಿರಿ ಎಂದು ಕೋರುವ ಅಗತ್ಯವೇ ಬಿದ್ದಿಲ್ಲ. ಸಂಚಾರ ಪೊಲೀಸರು ತಮ್ಮ ಯೋಗಕ್ಷೇಮವನ್ನು ನನ್ನ ಮೊಬೈಲಿಗೆ ತಪ್ಪದೇ ಕಳಿಸುತ್ತಿದ್ದಾರೆ. ಹೋದ ವಾರ ತಾವು ಕೆಂಪು ದೀಪವನ್ನು ಲೆಕ್ಕಿಸದೆ ಸಿಗ್ನಲ್ ದಾಟಿದಿರಿ, 500 ರೂಪಾಯಿ. ಮಾರನೆಯ ದಿನ ಸೀಟ್ ಬೆಲ್ಟ್ ಹಾಕಿರಲಿಲ್ಲ, ಮತ್ತೊಂದು 500. ನನ್ನ ಒಡಹುಟ್ಟಿದವರು ಯಾವ ಹೊತ್ತಿನಲ್ಲಿ ಎಲ್ಲಿರುತ್ತಾರೆ ಎಂಬುದು ಕೂಡ ನನಗೆ ಇಷ್ಟು ಖಚಿತವಾಗಿ ಗೊತ್ತಿಲ್ಲ.

ಗೊತ್ತಿಲ್ಲದಿರುವುದು ತಮ್ಮ ಹೆಸರೊಂದೇ. ಅದಕ್ಕೇ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂತು. ತಮಗೆ ಆ ತೊಂದರೆಯಿಲ್ಲ. ನನ್ನ ಹೆಸರು, ನಮ್ಮ ತಂದೆಯವರ ಹೆಸರು, ಮನೆಯ ವಿಳಾಸ, ಎಲ್ಲವೂ ನಾನು ಮಾರಿದ ಗಾಡಿಯ ಜೊತೆ ತಮ್ಮ ಬಳಿಗೆ ಬಂದ ಆರ್‌ಸಿ ಕಾರ್ಡಿನ ಮೇಲೆ ಅಚ್ಚಾಗಿದೆ. ದಯವಿಟ್ಟು ಒಮ್ಮೆ ತೆಗೆದು ಓದಿಕೊಳ್ಳಿ. ತಮ್ಮ ದಂಡ ಕಟ್ಟುತ್ತಿರುವವರು ಯಾರೆಂಬುದಾದರೂ ತಿಳಿಯುತ್ತದೆ.

ಮೊನ್ನೆ ಬಂದ ಲಿಂಕ್ ಒತ್ತಿ ತಮ್ಮ ಫೋಟೋ ನೋಡಿದೆ. ಚೆನ್ನಾಗಿ ಬಂದಿದೆ. ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರಿನಲ್ಲಿ ಶುರುವಾದ ವ್ಯವಸ್ಥೆಯಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳೇ 250 ಇವೆ, ಅವುಗಳ ಕಣ್ಣು ನಮ್ಮೂರ ಸ್ಟುಡಿಯೋದವನಿಗಿಂತ ಚುರುಕು. ಮುಂದಿನ ಗಾಜಿನೊಳಗೆ ತಮ್ಮ ಮುಖ ಅರ್ಧ ಕಾಣುತ್ತದೆ. ಎಡಗೈ ಗೇರಿನ ಮೇಲಿದೆ. ಬಲಗೈ ಮೊಬೈಲ್ ಹಿಡಿದು ಕಿವಿಗೆ ಹೋಗಿದೆ. ಸ್ಟೀರಿಂಗ್ ಯಾರ ಕೈಲಿದೆ ಎಂಬುದು ಸ್ಪಷ್ಟವಿಲ್ಲ. ಬಹುಶಃ ಡ್ಯಾಶ್‌ಬೋರ್ಡಿನ ಮೇಲಿರುವ ಗಣಪತಿಯೇ ನೋಡಿಕೊಳ್ಳುತ್ತಿರಬೇಕು. ಅವನು ನಮ್ಮವನು. ನಮ್ಮಾಕೆ ಡಬಲ್ ಗಮ್ ಟೇಪ್ ಹಾಕಿ ಅಂಟಿಸಿದ್ದಳು, ಮಾರುವ ದಿನ ಏನು ಮಾಡಿದರೂ ಕಿತ್ತು ಬರಲಿಲ್ಲ. ಅವನೊಬ್ಬನನ್ನು ಬಿಟ್ಟರೆ ಉಳಿದದ್ದನ್ನೆಲ್ಲ ತಾವು ಬದಲಾಯಿಸಿದ್ದೀರಿ. ಗಾಜಿನ ಮೇಲ್ತುದಿಯಲ್ಲಿದ್ದ ‘ಶ್ರೀ ಮಂಜುನಾಥ ಪ್ರಸನ್ನ’ವನ್ನು ಕೆರೆದು ತೆಗೆದು ತಮ್ಮ ಮನೆದೇವರ ಹೆಸರು ಬರೆಸಿದ್ದೀರಿ. ಸೀಟ್ ಕವರ್ ಹೊಸದು. ಬದಲಾಯಿಸಲು ಪುರುಸೊತ್ತಾಗದೆ ಉಳಿದಿರುವುದು ಮಾಲೀಕನ ಹೆಸರು ಮಾತ್ರ.

ಮಾಲೀಕ ಅಂದರೆ ಯಾರು ಎಂಬ ಬಗ್ಗೆ ನಮ್ಮ ಕಾನೂನಿಗೆ ಎಳ್ಳಷ್ಟೂ ಗೊಂದಲವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 2ನೇ ಸೆಕ್ಷನ್, ಅದರ 30ನೇ ಖಂಡ: ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವನೇ ಮಾಲೀಕ. ಕಂತಿನ ಸಾಲದ ಗಾಡಿ, ಅಪ್ರಾಪ್ತರ ಹೆಸರಿನ ಗಾಡಿ ಇಂಥ ಕೆಲವಕ್ಕೆ ಬೇರೆ ಲೆಕ್ಕವುಂಟು, ಮಿಕ್ಕವರಿಗೆಲ್ಲ ಇದೇ. ದುಡ್ಡು ಕೊಟ್ಟು ಕೊಂಡವನು, ಪೆಟ್ರೋಲ್ ಹಾಕಿಸುವವನು, ಭಾನುವಾರ ಬಕೆಟ್ ಹಿಡಿದು ತೊಳೆಯುವವನು, ಯಾರ ಪ್ರಸ್ತಾಪವೂ ಅಲ್ಲಿಲ್ಲ. ಹೀಗಾಗಿ ಕೀಲಿ, ಗಾಡಿ, ಸುಖ ತಮ್ಮದು. ಮಾಲೀಕತ್ವ ನನ್ನದು. ಮೊಸರನ್ನ ತಿಂದ ಕೋತಿ ಯಾವುದು, ಬಾಯಿಗೆ ಒರೆಸಿಸಿಕೊಂಡ ಮೇಕೆ ಯಾವುದು ಎಂದು ಕ್ಯಾಮೆರಾ ಕೇಳುವುದಿಲ್ಲ, ನಂಬರ್ ಪ್ಲೇಟ್ ಓದುತ್ತದೆ.

ಹಾಗೆಂದು ಕಾಯ್ದೆ ಬರೆದವರು ಇದನ್ನು ಊಹಿಸಿರಲಿಲ್ಲ ಎಂದಲ್ಲ. 50ನೇ ಸೆಕ್ಷನ್ ಹೇಳುವ ಪ್ರಕಾರ ಮಾರಿದವನು, ಗಾಡಿ ಅದೇ ರಾಜ್ಯದಲ್ಲಿದ್ದರೆ, 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಕೊಂಡವನು 30 ದಿನದೊಳಗೆ. ಮಾರಿದವನದು 29ನೇ ನಂಬರಿನ ಫಾರ್ಮು, ಕೊಂಡವನದು 30. ಸೊಗಸಿರುವುದು ಇಲ್ಲೇ. ನನ್ನ 29 ಬರೀ ತಿಳಿವಳಿಕೆ ಪತ್ರ. ನಾನು ಎಷ್ಟೇ ತಿಳಿಸಿದರೂ, ತಾವು 30 ಹಿಡಿದುಕೊಂಡು ಹೋಗುವ ತನಕ ದಾಖಲೆಯಲ್ಲಿ ಹೆಸರು ಅಲ್ಲಾಡುವುದಿಲ್ಲ. ಬಿಡುಗಡೆ ಬೇಕಾದವನು ನಾನು, ಬಿಡುಗಡೆಯ ಅರ್ಜಿ ಹಾಕಬೇಕಾದವರು ತಾವು.

ಈ ಎರಡು ಫಾರ್ಮುಗಳು ನಮ್ಮ ಕಡೆ ಹೇಗೆ ಭರ್ತಿಯಾಗುತ್ತವೆ ಎಂಬುದನ್ನು ತಾವೂ ಕಂಡಿರುತ್ತೀರಿ. ಸೆಕೆಂಡ್ ಹ್ಯಾಂಡ್ ಗಾಡಿಗಳ ಶೆಡ್ಡಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಟೀ ತರಿಸಿದರು. ಹುಡುಗನೊಬ್ಬ ಬಾನೆಟ್ ಎತ್ತಿ, ಚಾಸಿ ನಂಬರಿನ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿಕೊಂಡು ಬಂದ. ಖಾಲಿ ಫಾರ್ಮುಗಳಲ್ಲಿ ಎಲ್ಲೆಲ್ಲಿ ಪೆನ್ಸಿಲಿನ ಇಂಟು ಗುರುತಿತ್ತೋ ಅಲ್ಲೆಲ್ಲ ಸಹಿ. ಕೊಳ್ಳುವವರ ಹೆಸರಿನ ಜಾಗ ಬಿಳಿ, ತಾರೀಕಿನ ಜಾಗವೂ ಬಿಳಿ. “ಹದಿನೈದ್ ದಿನದಲ್ಲಿ ಟ್ರಾನ್ಸ್‌ಫರ್ ಆಗೋಗುತ್ತೆ ಸಾರ್, ನೀವ್ ತಲೆ ಕೆಡಿಸ್ಕೋಬೇಡಿ.” ಆ ಹದಿನೈದು ದಿನ ಯಾವ ಪಂಚಾಂಗದ ಪ್ರಕಾರ ಎಂದು ಹೇಳಲಿಲ್ಲ. ಆಮೇಲೆ ಫೋನ್ ಮಾಡಿದರೆ, “ಅದಾ ಸಾರ್, ಒಂದು ಪಾರ್ಟಿಗೆ ಕೊಟ್ವಿ, ಆ ಪಾರ್ಟಿ ಇನ್ನೊಂದು ಪಾರ್ಟಿಗೆ ಕೊಟ್ಟವ್ರೆ” ಎಂಬ ಉತ್ತರ. ರಾಜಕಾರಣದಲ್ಲೂ ಗಾಡಿ ವ್ಯಾಪಾರದಲ್ಲೂ ಪಾರ್ಟಿ ಬದಲಾಗುವ ವೇಗ ಹೆಚ್ಚುಕಡಿಮೆ ಒಂದೇ.

ಇದು ಮರೆವು ಎಂದು ತಿಳಿದಿದ್ದವರಿಗೆ ಒಂದು ಮಾತು: ಇಲ್ಲಿ ಯಾರೂ ಏನನ್ನೂ ಮರೆತಿಲ್ಲ. ಪ್ರತಿ ವರ್ಗಾವಣೆಗೂ ಶುಲ್ಕ, ಓಡಾಟ, ಏಜೆಂಟರ ಖರ್ಚು ಇದೆ. ಅದಕ್ಕಿಂತ ಮುಖ್ಯವಾಗಿ, ಆರ್‌ಸಿಯಲ್ಲಿ ಓನರ್ ಸಂಖ್ಯೆ ಒಂದು ಏರಿದರೆ ಗಾಡಿಯ ರೇಟು ಒಂದಷ್ಟು ಇಳಿಯುತ್ತದೆ. ನನ್ನ ಹೆಸರು ಹಾಗೇ ಇದ್ದರೆ ಅದು ಕೊನೆಯ ತನಕ ‘ಸಿಂಗಲ್ ಓನರ್ ಗಾಡಿ ಸಾರ್’. ಮೂರು ಕೈ ದಾಟಿದರೂ ಅಖಂಡ ಸಿಂಗಲ್ ಓನರ್. ಪ್ರತಿ ಕೈಯವರೂ ನಾಲ್ಕು ಕಾಸು ಉಳಿಸಿಕೊಂಡಿದ್ದಾರೆ, ಆ ಉಳಿತಾಯಕ್ಕೆ ಜಾಮೀನು ನಿಂತಿರುವುದು ನನ್ನ ಸಹಿ. ಕೇಂದ್ರ ಸರ್ಕಾರ ಇದನ್ನು ಕಂಡೇ 2022ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, 2023ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಅಧಿಕೃತ ಪತ್ರ ಪಡೆದ ಡೀಲರಿಗೆ ಗಾಡಿ ಒಪ್ಪಿಸಿ, 29ಸಿ ಫಾರ್ಮಿನಲ್ಲಿ ತಿಳಿಸಿದರೆ, ಅಲ್ಲಿಂದ ಮುಂದೆ ಡೀಲರನೇ ಮಾಲೀಕನೆಂದು ಲೆಕ್ಕ. ಒಳ್ಳೆಯ ನಿಯಮ, ನಿಜವಾಗಿಯೂ. ಆ ಅಧಿಕೃತ ಪತ್ರದ ಬಗ್ಗೆ ನಮ್ಮ ಶೆಡ್ಡಿನವರನ್ನು ಕೇಳಿದಾಗ ಅವರು ಇನ್ನೊಂದು ಟೀ ತರಿಸಿದರು.

ಐನೂರು, ಸಾವಿರಕ್ಕೆ ಇಷ್ಟು ಗೋಳಾಡಬೇಕೇ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನಗೆ ನಿದ್ದೆ ಕೆಡಿಸುತ್ತಿರುವುದು ದಂಡವಲ್ಲ, ತಮ್ಮ ಬಲಗೈ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಮೂಲ ಮಾಲೀಕ ಕಾರನ್ನು ಮಾರಿದ್ದು 2007ರಲ್ಲಿ. ಅದು ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸುತ್ತ ಹೋಯಿತು, ದಾಖಲೆಯಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ. 2009ರಲ್ಲಿ ರಿವರ್ಸ್ ತೆಗೆಯುವಾಗ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರ ಯಾರು ಕೊಡಬೇಕು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರು, ಎಂದಿತು ಕೋರ್ಟು. ಅಪಘಾತದಲ್ಲಿ ನೊಂದವರು ಮಾರಾಟದ ಸರಪಳಿ ಹಿಡಿದುಕೊಂಡು ಒಬ್ಬೊಬ್ಬರ ಮನೆ ಬಾಗಿಲಿಗೂ ಅಲೆಯಬಾರದು ಎಂಬುದು ಅದರ ತರ್ಕ. ವಿಡಂಬನೆಗೆಂದು ಕೂತವನು ನಾನು, ಆದರೆ ಈ ತರ್ಕದಲ್ಲಿ ಹುಳುಕು ಹುಡುಕಲು ನನ್ನಿಂದ ಆಗಲಿಲ್ಲ. ಮಗನನ್ನು ಕಳೆದುಕೊಂಡ ತಾಯಿ ‘ಪಾರ್ಟಿಯಿಂದ ಪಾರ್ಟಿಗೆ’ ಅಲೆಯಲಿ ಎಂದು ಯಾವ ಬಾಯಿಂದ ಹೇಳಲಿ? ಆದ್ದರಿಂದ ತಾವು ನಿಧಾನವಾಗಿ ಓಡಿಸಿ. ಮುಖ್ಯವಾಗಿ ರಿವರ್ಸ್ ತೆಗೆಯುವಾಗ.

ಅಂದಹಾಗೆ, ತಮಗೆ ಮಗನಿದ್ದರೆ ಅವನಿಗೆ ಹದಿನೆಂಟು ತುಂಬಿತೇ? 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರು ಇಲ್ಲವೇ ಗಾಡಿಯ ಮಾಲೀಕರು ತಪ್ಪಿತಸ್ಥರೆಂದೇ ಭಾವಿಸಲಾಗುತ್ತದೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ತನಗೆ ಗೊತ್ತಿಲ್ಲದೆ ನಡೆಯಿತೆಂದು ಸಾಬೀತು ಮಾಡುವ ಹೊಣೆಯೂ ಆರೋಪ ಹೊತ್ತವನದ್ದೇ. ಆ ಮಗು ಕೀಲಿ ಕೇಳಿದಾಗ, ಬೇರೆ ಯಾರನ್ನೂ ನೆನೆಯದಿದ್ದರೂ, ಅವನ ಮುಖವನ್ನೇ ನೋಡಿರದ ಈ ಎರಡನೇ ಪೋಷಕನನ್ನು ಒಮ್ಮೆ ನೆನೆಯಿರಿ.

ಸಲಹೆ ಕೊಡುವವರಿಗೇನೂ ಕೊರತೆಯಿಲ್ಲ. ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರರು, “ಗಾಡಿ ಕಳವಾಗಿದೆ ಅಂತ ಕಂಪ್ಲೇಂಟ್ ಕೊಟ್ಬಿಡಿ, ಮಾರನೇ ದಿನವೇ ಓಡಿ ಬರ್ತಾನೆ” ಎಂದರು. ದುಡ್ಡೆಣಿಸಿಕೊಂಡು ಮಾರಿದ ಗಾಡಿಯನ್ನು ಕಳವು ಎಂದು ಬರೆದುಕೊಟ್ಟರೆ ತಮಗಿಂತ ಮೊದಲು ಒಳಗೆ ಹೋಗುವವನು ನಾನೇ. ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರೈಟರ್ ಸಮಾಧಾನದಿಂದ ಕೇಳಿಸಿಕೊಂಡು, “ಗಾಡಿ ಯಾರ ಹೆಸರಲ್ಲಿದೆ?” ಎಂದರು. ನನ್ನದು ಎಂದೆ. “ಹಂಗಾದ್ರೆ ನಿಮ್ದೇ ಅಲ್ವಾ?” ಎಂದು ನಕ್ಕು, ಮುಂದಿನವರನ್ನು ಕರೆದರು.

ಸರ್ಕಾರದ ಅಂತಃಕರಣವನ್ನೂ ಸ್ಮರಿಸಬೇಕು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಮಿಕ್ಕಿ ಕಟ್ಟಿದರು. 2025ರಲ್ಲಿ ಮತ್ತೆ ಗಣೇಶನ ಹಬ್ಬದ ಹೊತ್ತಿಗೆ, ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ, ಅದೇ ಅರ್ಧ ರಿಯಾಯಿತಿ. ತಮ್ಮ ಬಾಕಿಯನ್ನೆಲ್ಲ ನಾನು ಅರ್ಧ ದರದಲ್ಲಿ ತೀರಿಸಿದೆ. ಯಾಕೆಂದರೆ ದಂಡ ಬಾಕಿಯಿದ್ದರೆ ವರ್ಗಾವಣೆಯ ಕಡತ ಮುಂದೆ ಹೋಗುವುದು ಕಷ್ಟ. ನನ್ನ ಹೆಸರು ಗಾಡಿಯಿಂದ ಇಳಿಯಬೇಕಾದರೆ ತಮ್ಮ ತಪ್ಪಿಗೆ ಮೊದಲು ನಾನೇ ದುಡ್ಡು ಕಟ್ಟಿ ದಾರಿ ಚೊಕ್ಕಟ ಮಾಡಿಡಬೇಕು. ದಾರಿ ಚೊಕ್ಕಟವಾಗಿದೆ. ಆ ದಾರಿಯಲ್ಲಿ ತಾವು ಮತ್ತೆ ಸಿಗ್ನಲ್ ಹಾರಿದ್ದೀರಿ.

ಬೇಡಿಕೆ ದೊಡ್ಡದಲ್ಲ. 30ನೇ ಫಾರ್ಮು, ತಮ್ಮ ಆಧಾರ್ ಕಾರ್ಡು, ಚಾಲ್ತಿಯಲ್ಲಿರುವ ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟು ಇಷ್ಟಿದ್ದರೆ ಆಯಿತು. ಓಟಿಪಿ ನನ್ನ ಮೊಬೈಲಿಗೆ ಬರುವುದಾದರೆ ಮಧ್ಯರಾತ್ರಿಯಾದರೂ ಎದ್ದು ಹೇಳುತ್ತೇನೆ. ಸರ್ಕಾರಿ ಶುಲ್ಕ ಕೆಲವು ನೂರು ರೂಪಾಯಿ ಬಿದ್ದೀತು, ಅದನ್ನೂ ನಾನೇ ಕೊಡಲು ತಯಾರಿದ್ದೇನೆ. ಕೊಟ್ಟು ಅಭ್ಯಾಸವಾಗಿದೆ.

ಇಂತಿ ತಮ್ಮ ವಿಧೇಯ,
ದಾಖಲೆಗಳ ಪ್ರಕಾರ ಮಾಲೀಕ

ವಿ.ಸೂ.: ಗಾಡಿಯ ಇನ್ಶೂರೆನ್ಸ್ ಈ ತಿಂಗಳ ಕೊನೆಗೆ ಮುಗಿಯುತ್ತದೆ ಎಂದು ಏಜೆಂಟರು ನನಗೇ ಫೋನ್ ಮಾಡಿದ್ದಾರೆ. ತಾವು ಕಟ್ಟುವ ಲಕ್ಷಣ ಕಾಣದಿದ್ದರೆ, ಮೇಲೆ ಹೇಳಿದ ಕೋರ್ಟಿನ ಕಾರಣಕ್ಕೆ, ಥರ್ಡ್ ಪಾರ್ಟಿಯನ್ನಾದರೂ ನಾನೇ ಕಟ್ಟಬೇಕಾದೀತು. ಹಾಗೆ ಕಟ್ಟುವ ಪಕ್ಷದಲ್ಲಿ ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಗಾಡಿಯನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ. ವಿಳಾಸ ತಮ್ಮ ಬಳಿಯೇ ಇದೆ. ನಮ್ಮ ಅತ್ತೆಯವರನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗುವುದಿದೆ. ಪೆಟ್ರೋಲ್ ಹಾಕಿಸಿಯೇ ತನ್ನಿ.